ಐದು ದಿನ, ಐದು ಜನ, ಒಂದು ಗ್ಯಾಸ್ ಡಬ್ಬಿ

ಹೊರಡುವ ಹಿಂದಿನ ರಾತ್ರಿ

ಚಿಕ್ಕವನು ಬಚ್ಚಲುಮನೆಯಲ್ಲಿ ಬಕೆಟ್ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಬಕೆಟ್ ತುಂಬ ನೀರು, ಅದರಲ್ಲಿ ಕ್ಯಾಂಪಿಂಗ್ ಸ್ಟವ್‌ನ ಗ್ಯಾಸ್ ಡಬ್ಬಿ ತೇಲುತ್ತಿತ್ತು. ಆ ಡಬ್ಬಿಯೊಳಗೆ ಎಷ್ಟು ಗ್ಯಾಸ್ ಇದೆ ಅಂತ ಕಣ್ಣಿಗೆ ಕಾಣುವುದಿಲ್ಲ, ಅಲ್ವಾ? ನೀರಿಗೆ ಬಿಟ್ಟರೆ ಗೊತ್ತಾಗುತ್ತದೆ. ತುಂಬಿದ ಡಬ್ಬಿ ಆಳಕ್ಕೆ ಮುಳುಗಿ ತೇಲುತ್ತದೆ, ಗ್ಯಾಸ್ ಖರ್ಚಾದ ಹಾಗೆಲ್ಲ ಮೇಲೆ ಬರುತ್ತದೆ. ತಳದ ಗುಳಿಯಲ್ಲಿ ಗಾಳಿ ಸಿಕ್ಕಿಕೊಂಡರೆ ಲೆಕ್ಕ ತಪ್ಪುತ್ತದೆ. ಅದಕ್ಕೆ ಮೊದಲು ಡಬ್ಬಿಯನ್ನು ಓರೆ ಮಾಡಿ ಗುಳ್ಳೆ ಬಿಡಿಸಬೇಕು. ಅವನು ಗುಳ್ಳೆ ಬಿಡಿಸಿ, ನೀರು ನಿಂತ ಮಟ್ಟವನ್ನು ಬೆರಳಲ್ಲಿ ಹಿಡಿದುಕೊಂಡು, ಡಬ್ಬಿ ಒರೆಸಿ, ಅಲ್ಲಿ ಮಾರ್ಕರ್‌ನಿಂದ ಕಪ್ಪು ಗೆರೆ ಎಳೆದ. ದಿನಕ್ಕೊಂದು ಗೆರೆ ಎಳೆಯುವುದು ಈ ಪ್ರವಾಸದಲ್ಲಿ ಅವನ ಕೆಲಸ.

ಡಬ್ಬಿಯಲ್ಲಿರುವುದು 230 ಗ್ರಾಂ ಗ್ಯಾಸ್. ಹೋಗುವವರು ಐದು ಜನ: ಇವರು, ನಾನು, ಹತ್ತು ವರ್ಷದ ಮಗಳು, ಆರು ವರ್ಷದ ಮಗ, 68 ವರ್ಷದ ಅತ್ತೆ. ಹೋದ ಸಲ ಇಷ್ಟೇ ದಿನಕ್ಕೆ ಎರಡು ಡಬ್ಬಿ ಖಾಲಿಯಾಗಿದ್ದವು, ಜೊತೆಗೆ ನನ್ನ ಅರ್ಧ ಪ್ರವಾಸ ಸ್ಟವ್ ಮುಂದೆಯೇ ಮುಗಿದಿತ್ತು. ಮಕ್ಕಳು ಹೊಳೆಯಲ್ಲಿ, ನಾನು ಪಾತ್ರೆ ಹತ್ತಿರ. ವಾಪಸ್ ಬಂದ ಮೇಲೆ ಅತ್ತೆ ಒಂದು ಮಾತು ಹೇಳಿದ್ದರು. "ಕುದಿ ಬಂದ ಪಾತ್ರೆನ ಕಂಬಳೀಲಿ ಸುತ್ತಿಡಮ್ಮ, ಅದರ ಪಾಡಿಗೆ ಅದು ಬೇಯುತ್ತೆ. ನೀನ್ಯಾಕೆ ಕಾವಲು ಕೂರ್ತೀಯ?"

ಅವತ್ತಿನಿಂದ ಎರಡು ತಿಂಗಳು ಮನೆಯಲ್ಲೇ ಪ್ರಯೋಗ ಮಾಡಿದೆವು. ಇದೇನೂ ಹೊಸ ವಿದ್ಯೆ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಉರುವಲು ಸಾಲದೆ ಬ್ರಿಟನ್ನಿನ ಮನೆಗಳಲ್ಲಿ ಒಣಹುಲ್ಲು ತುಂಬಿದ ಪೆಟ್ಟಿಗೆಯೊಳಗೆ ಬಿಸಿ ಪಾತ್ರೆ ಹುದುಗಿಸಿಟ್ಟು ಹೀಗೇ ಅಡುಗೆ ಮಾಡುತ್ತಿದ್ದರು. ನಮ್ಮ ಹತ್ತಿರ ಹುಲ್ಲಿಲ್ಲ, ಹಳೇ ಕಂಬಳಿ ಮತ್ತು ಸ್ಲೀಪಿಂಗ್ ಬ್ಯಾಗ್ ಇವೆ. ಎರಡನೇ ಡಬ್ಬಿಯೊಂದು ಚೀಲದ ತಳದಲ್ಲಿತ್ತು. ಅದು ತುರ್ತಿಗೆ ಮಾತ್ರ, ಮುಟ್ಟಬಾರದು ಅಂತ ಮಾತಾಡಿಕೊಂಡಿದ್ದೆವು.

ಒಣ ತರಕಾರಿ ಹಿಂದಿನ ವಾರವೇ ತಯಾರಾಗಿತ್ತು. ಕ್ಯಾರೆಟ್ ತೂಕದಲ್ಲಿ 100ಕ್ಕೆ 88 ಭಾಗ ಬರೀ ನೀರು. ಆ ನೀರನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋಗುವುದು ಯಾಕೆ? ತೆಳ್ಳಗೆ ಹೆಚ್ಚಿ, ಎರಡು ನಿಮಿಷ ಬಿಸಿನೀರಲ್ಲಿ ಅದ್ದಿ ತೆಗೆದು, ಬಿಸಿಲಿಗೆ ಒಣಗಿಸಿದೆ. ಒಂದು ಕಿಲೋ ಕ್ಯಾರೆಟ್ ಒಣಗಿ ಒಂದು ಹಿಡಿ ಗಾತ್ರದ ಗರಿಗರಿ ಚೂರುಗಳಾದವು. ಟೊಮೆಟೊ, ಈರುಳ್ಳಿ, ಎಲೆಕೋಸು ಕೂಡ ಹಾಗೇ. ಬ್ರೆಡ್ ಮನೆಯಲ್ಲೇ ಮಾಡಿದ್ದು. ಕಡಲೆಕಾಯಿ ಬೀಜ ಹುರಿದು, ಎಣ್ಣೆ ಬಿಡುವ ತನಕ ರುಬ್ಬಿ, ಒಂದು ಡಬ್ಬಿ ಬೆಣ್ಣೆ ಮಾಡಿಕೊಂಡೆ. ಮಲಗುವ ಮುಂಚೆ ಎರಡು ಲೋಟ ಹೆಸರುಕಾಳು ನೆನೆಸಿಟ್ಟೆ.

ಮೊದಲ ದಿನ

ಸ್ನೇಹಿತರೊಬ್ಬರು ಕಾರಲ್ಲಿ ಬೆಟ್ಟದ ಬುಡದ ತನಕ ಬಿಟ್ಟರು. ಅಲ್ಲಿಂದ ಮೂರು ಕಿಲೋಮೀಟರ್ ನಡಿಗೆ. ಚಿಕ್ಕವನ ಚೀಲದಲ್ಲಿ ಅವನ ಬಟ್ಟೆ, ಅವನ ತಟ್ಟೆ, ಡಬ್ಬಿ ತೇಲಿಸಲು ಮಡಚುವ ಬಕೆಟ್. ಮಗಳ ಚೀಲದ ಹಿಂದೆ ಒದ್ದೆ ಬಟ್ಟೆಯಲ್ಲಿ ಕಟ್ಟಿದ ಹೆಸರುಕಾಳು ಜೋತಾಡುತ್ತಿತ್ತು. ನೀರು ತೊಟ್ಟಿಕ್ಕಿ ಅವಳ ಚಡ್ಡಿ ಒದ್ದೆಯಾದರೂ ಕಾಳಿನ ಗಂಟನ್ನು ಬೇರೆ ಯಾರಿಗೂ ಕೊಡಲಿಲ್ಲ.

ಕ್ಯಾಂಪ್ ಇರುವುದು ಸುಮಾರು 1,200 ಮೀಟರ್ ಎತ್ತರದಲ್ಲಿ, ಒಂದು ಸಣ್ಣ ಹೊಳೆ ಪಕ್ಕ. ಕುಡಿಯುವ ನೀರಿಗೆ ನಲ್ಲಿ ಇದೆ, ಮಳೆ ಬಂದರೆ ನಿಲ್ಲಲು ಒಂದು ಸಿಮೆಂಟಿನ ಕಟ್ಟಡ ಇದೆ, ಬೆಂಕಿ ಹಾಕಲು ಕಲ್ಲು ಜೋಡಿಸಿದ ಜಾಗ ಇದೆ. ಇಷ್ಟಿದ್ದರೆ ನಮಗೆ ಸಾಕು. ಟೆಂಟು ಬೇರೆಯವರು ಬಳಸಿ ಬಿಟ್ಟಿದ್ದು. ಹೊಲಿಗೆ ಮೇಲೆ ಅಂಟು ಹಚ್ಚಿ, ಹರಿದ ಕಡೆ ತೇಪೆ ಹಾಕಿ, ಇವರೇ ಅದನ್ನು ಸರಿ ಮಾಡಿದ್ದಾರೆ.

ಟೆಂಟಿಗೆ ಜಾಗ ಹುಡುಕುವುದಕ್ಕೇ ಮುಕ್ಕಾಲು ಗಂಟೆ ಹೋಯಿತು. ಮಗಳಿಗೆ ಹೊಳೆ ದಡದ ಹುಲ್ಲಿನ ಮೇಲೇ ಆಗಬೇಕು. ಆದರೆ ರಾತ್ರಿ ತಣ್ಣನೆ ಗಾಳಿ ಇಳಿದು ಬಂದು ತಗ್ಗಿನಲ್ಲೇ ನಿಲ್ಲುತ್ತದೆ, ನೀರು ಏರಿದರೂ ಮೊದಲು ಅಲ್ಲಿಗೇ ಬರುತ್ತದೆ. ಇವರು ಅವಳನ್ನು ಕರೆದುಕೊಂಡು ಹೋಗಿ, ದಡದ ಪೊದೆಗಳಲ್ಲಿ ಸೊಂಟದ ಎತ್ತರಕ್ಕೆ ಸಿಕ್ಕಿಕೊಂಡಿದ್ದ ಒಣ ಕಸ ತೋರಿಸಿದರು. ಹಿಂದೆ ಯಾವಾಗಲೋ ನೀರು ಅಷ್ಟು ಎತ್ತರಕ್ಕೆ ಬಂದಿದ್ದಕ್ಕೆ ಅದೇ ಗುರುತು. ಅವಳು ಸುಮ್ನೆ ಅದನ್ನು ನೋಡಿದಳು, ಆಮೇಲೆ ತಾನೇ ಮೇಲಿನ ದಿಬ್ಬದಲ್ಲಿ ಜಾಗ ಹುಡುಕಿದಳು. ತಲೆ ಮೇಲೆ ಒಣ ಕೊಂಬೆ ಇದೆಯಾ ಅಂತಲೂ ನೋಡಿಕೊಂಡಳು.

ರಾತ್ರಿ ಊಟ ಬ್ರೆಡ್, ಕಡಲೆಕಾಯಿ ಬೆಣ್ಣೆ, ಸೌತೆಕಾಯಿ. ಸ್ಟವ್ ಹಚ್ಚಿದ್ದು ಸಂಜೆ ಚಹಾಕ್ಕೆ ಮಾತ್ರ. ಕಾಳನ್ನು ತೊಳೆದು ಮತ್ತೆ ಕಟ್ಟಿದೆವು.

ಕತ್ತಲಾದ ಮೇಲೆ ಜೀರುಂಡೆಗಳ ಸದ್ದು ಶುರುವಾಯಿತು. 1897ರಲ್ಲಿ ಅಮೆರಿಕದ ಭೌತವಿಜ್ಞಾನಿ ಏಮೋಸ್ ಡಾಲ್ಬೇರ್ ಜೀರುಂಡೆಯ ಸದ್ದಿಗೂ ಗಾಳಿಯ ಬಿಸಿಗೂ ಇರುವ ನಂಟನ್ನು ಲೆಕ್ಕದಲ್ಲಿ ಬರೆದಿಟ್ಟರು. ಬೆಚ್ಚಗಿದ್ದಷ್ಟೂ ಅವು ಬೇಗಬೇಗ ಕೂಗುತ್ತವೆ. ಸುಲಭದ ಲೆಕ್ಕ ಹೀಗೆ: 8 ಸೆಕೆಂಡಿನಲ್ಲಿ ಎಷ್ಟು ಸಲ ಕೂಗಿತು ಅಂತ ಎಣಿಸಿ, ಅದಕ್ಕೆ 5 ಸೇರಿಸಿದರೆ ಸುಮಾರು ಅಷ್ಟು ಡಿಗ್ರಿ ಸೆಲ್ಸಿಯಸ್. ಎಲ್ಲಾ ಜಾತಿಯ ಜೀರುಂಡೆಗೂ ಇದು ಸರಿಹೋಗುವುದಿಲ್ಲ, ಒಂದೇ ಜೀರುಂಡೆಯ ಸದ್ದನ್ನು ಬೇರೆ ಮಾಡಿ ಕೇಳುವುದೂ ಕಷ್ಟ. ಮಗಳು ಪೊದೆ ಹತ್ತಿರ ಹೋಗಿ ಉಸಿರು ಬಿಗಿಹಿಡಿದು ಎಣಿಸಿದಳು. 13. ಅಂದರೆ 18 ಡಿಗ್ರಿ. ಅಡುಗೆಗೆ ತಂದಿದ್ದ ಥರ್ಮಾಮೀಟರ್ ಹೊರಗಿಟ್ಟು ನೋಡಿದರೆ 17. ಆಮೇಲೆ ಅವಳನ್ನು ಮಲಗಿಸಲು ಅತ್ತೆಯೇ ಬರಬೇಕಾಯಿತು. ಇನ್ನೊಂದು ಸಲ, ಇನ್ನೊಂದು ಸಲ ಅಂತ ಎಣಿಸುತ್ತಲೇ ಇದ್ದಳು.

ಎರಡನೇ ದಿನ

ಬೆಳಗ್ಗೆ ತಿಂಡಿಗೆ ರಾತ್ರಿಯೇ ನೀರಲ್ಲಿ ನೆನೆಸಿಟ್ಟಿದ್ದ ಓಟ್ಸ್, ಅದಕ್ಕೆ ಒಣದ್ರಾಕ್ಷಿ, ಒಂದೊಂದು ಬಾಳೆಹಣ್ಣು. ಬೆಂಕಿ ಬೇಕಾಗಲಿಲ್ಲ.

ಪಾತ್ರೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಐದು ದಿನವೂ ಅದರ ಸುತ್ತಲೇ ತಿರುಗಿದ್ದು. ಮೂರು ಲೀಟರ್ ಹಿಡಿಸುವ, ಬಿಗಿಯಾದ ಮುಚ್ಚಳದ, ದಪ್ಪ ತಳದ ಪಾತ್ರೆ. ಎರಡು ಲೋಟ ಅಕ್ಕಿ, ಒಂದು ಲೋಟ ಕೆಂಪು ಬೇಳೆ, ಎರಡು ಹಿಡಿ ಒಣ ತರಕಾರಿ, ಉಪ್ಪು, ಮೆಣಸು. ನೀರು ಮನೆಯಲ್ಲಿ ಹಾಕುವುದಕ್ಕಿಂತ ಸ್ವಲ್ಪ ಕಡಿಮೆ, ಕಂಬಳಿಯೊಳಗೆ ಆವಿ ಹೊರಗೆ ಹೋಗುವುದಿಲ್ಲವಲ್ಲ. ಪಾತ್ರೆ ಮುಕ್ಕಾಲು ಭಾಗವಾದರೂ ತುಂಬಿರಬೇಕು. ಕಡಿಮೆ ಇದ್ದರೆ ಬೇಗ ತಣ್ಣಗಾಗುತ್ತದೆ. ಸ್ಟವ್ ಸುತ್ತ ಗಾಳಿಗೆ ಅಡ್ಡವಾಗಿ ಚಪ್ಪಟೆ ಕಲ್ಲು ನಿಲ್ಲಿಸಿದೆವು. ಕಲ್ಲು ಸ್ವಲ್ಪ ದೂರದಲ್ಲಿ, ಒಂದು ಕಡೆ ಮಾತ್ರ ಇರಬೇಕು, ಡಬ್ಬಿ ಬಿಸಿಯಾಗಬಾರದು. ಜೋರು ಕುದಿ ಬಂದ ಮೇಲೆ ಮುಚ್ಚಳ ಹಾಕಿ 8 ನಿಮಿಷ. ಅಷ್ಟೇ, ಸ್ಟವ್ ಆರಿಸಿದೆ.

ಇಲ್ಲಿಂದ ಮುಂದಿನದು ಅತ್ತೆಯ ಕೈಚಳಕ. ದಪ್ಪ ಟವೆಲ್ ಹಾಸಿ ಅದರ ಮೇಲೆ ಪಾತ್ರೆ ಇಟ್ಟರು. ಟವೆಲ್‌ನ ನಾಲ್ಕು ತುದಿಯನ್ನೂ ಎಳೆದು ಮುಚ್ಚಳದ ಮೇಲೆ ಗಂಟು ಹಾಕಿದರು. ಅದರ ಮೇಲೆ ಉಣ್ಣೆ ಕಂಬಳಿ ಎರಡು ಸುತ್ತು. ಎಲ್ಲೆಲ್ಲಿ ಸಂದು ಇದೆ ಅಂತ ಕಣ್ಣು ಮುಚ್ಚಿಕೊಂಡು ಕೈಯಿಂದಲೇ ತಡವಿ ನೋಡಿದರು. ಅಂಗೈಗೆ ಬೆಚ್ಚಗೆ ಹತ್ತಿದ ಕಡೆಯೆಲ್ಲ ಒಂದು ಬಟ್ಟೆ ತುರುಕಿದರು. ಕೊನೆಗೆ ಇಡೀ ಗಂಟನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಳಿಸಿ ಜಿಪ್ ಎಳೆದರು. ಆಗ ಎಂಟೂವರೆ. "ಹನ್ನೆರಡರ ತನಕ ಯಾರೂ ಇದನ್ನ ಮುಟ್ಟಬೇಡಿ" ಅಂದರು.

ಹೊಳೆಗೆ ಹೋದೆವು. ಮೂರೂವರೆ ಗಂಟೆ ಪೂರ್ತಿ ನನ್ನದು. ಹೋದ ಸಲದ ಪ್ರವಾಸದಲ್ಲಿ ಇಷ್ಟು ಹೊತ್ತು ಒಟ್ಟಿಗೆ ಮಕ್ಕಳ ಜೊತೆ ಕೂತ ನೆನಪೇ ನನಗಿಲ್ಲ. ನೀರೊಳಗಿನ ಕಲ್ಲುಗಳನ್ನು ಮೆಲ್ಲಗೆ ಎತ್ತಿ, ಅಡಿಯಲ್ಲಿ ಏನಿದೆ ನೋಡಿ, ಮತ್ತೆ ಹಾಗೇ ಇಟ್ಟೆವು. ಒಂದು ಕಲ್ಲಿನ ಅಡಿಗೆ ಮರಳಿನ ಕಣಗಳನ್ನೇ ಅಂಟಿಸಿಕೊಂಡು ಮಾಡಿದ ಕೊಳವೆ ಇತ್ತು, ಬೆರಳುಗುರಿನಷ್ಟು ಉದ್ದ. ಅದರೊಳಗೆ ಒಂದು ಹುಳು. ಕ್ಯಾಡಿಸ್ ಅನ್ನುವ ನೊಣದ ಮರಿ ಅದು. ಬಾಯಿಂದ ಬರುವ ರೇಷ್ಮೆ ಎಳೆಯಲ್ಲಿ ಮರಳು ಹೊಲಿದುಕೊಂಡು ಮನೆ ಕಟ್ಟಿಕೊಳ್ಳುತ್ತದೆ. ಕೊಳೆ ಜಾಸ್ತಿ ಇರುವ ನೀರಿನಲ್ಲಿ ಇಂಥವು ಬಾಳುವುದು ಕಷ್ಟ. ಆ ಹುಳುವನ್ನು ನೋಡಿಯೇ ಮಗಳು "ಇಲ್ಲಿ ಸೋಪು ಹಾಕಬಾರದು ಅಲ್ವಾ ಅಮ್ಮಾ" ಅಂದಳು. ನಾನು ನೂರು ಸಲ ಹೇಳಿದ್ದ ಮಾತು ಅದು, ಆದರೆ ಈ ಸಲ ಅವಳಾಗಿ ಹೇಳಿದಳು. ಪಾತ್ರೆ ತೊಳೆದ ನೀರು, ಸ್ನಾನದ ನೀರು ಎಲ್ಲವನ್ನೂ ಹೊಳೆಯಿಂದ 60 ಮೀಟರ್ ದೂರ ಒಯ್ದು ಚೆಲ್ಲಿದೆವು. ಚಿಕ್ಕವನ ಹೆಜ್ಜೆಗೆ ಅದು 130 ಹೆಜ್ಜೆ.

ಹನ್ನೆರಡಕ್ಕೆ ಬಂದು ಗಂಟು ಬಿಚ್ಚಿದರೆ ಪಾತ್ರೆ ಬರೀ ಉಗುರುಬೆಚ್ಚಗೆ ಅನ್ನಿಸಿತು. ಥರ್ಮಾಮೀಟರ್ ಚುಚ್ಚಿದೆ, 52 ಡಿಗ್ರಿ. ಅಕ್ಕಿ ನಡುವೆ ಗಟ್ಟಿ. ಸುತ್ತಿದ್ದು ಸರಿಯಾಗಿಯೇ ಇತ್ತಲ್ಲ ಅಂತ ನಾವು ಮಾತಾಡುತ್ತಿದ್ದಾಗ ಚಿಕ್ಕವನ ಮುಖ ಚಿಕ್ಕದಾಯಿತು. ಒಂಬತ್ತೂವರೆ ಹೊತ್ತಿಗೆ ಟೋಪಿ ತರುತ್ತೇನೆ ಅಂತ ಟೆಂಟಿಗೆ ಹೋದವನು, ಬೆಂದಿದೆಯಾ ನೋಡೋಣ ಅಂತ ಮುಚ್ಚಳ ತೆಗೆದು, ಮತ್ತೆ ಹೇಗೋ ಸುತ್ತಿಟ್ಟು ಬಂದಿದ್ದ. ಹೇಳಿದ ಮೇಲೆ ಜೋರಾಗಿ ಅತ್ತ.

ಯಾರೂ ಬೈಯಲಿಲ್ಲ. ಅತ್ತೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಆವಿ ಹೋಯ್ತು ನೋಡು ಪುಟ್ಟ, ಆವಿಯಲ್ಲೇ ಎಲ್ಲ ಬಿಸಿನೂ ಇರೋದು. ಬಾ, ಈಗ ಮತ್ತೆ ಕುದಿಸೋಣ" ಅಂದರು. ಬೇಯಿಸಿದ ಊಟ 60 ಡಿಗ್ರಿಗಿಂತ ಕೆಳಗೆ ಬಂದ ಮೇಲೆ ಹೆಚ್ಚು ಹೊತ್ತು ಇಡಬಾರದು, ಅನ್ನದಲ್ಲಂತೂ ರೋಗಾಣು ಬೇಗ ಬೆಳೆಯುತ್ತದೆ. ಎರಡು ಗಂಟೆಯ ಮೇಲೆ ಹಾಗೇ ಇಟ್ಟ ಊಟ ನಾನು ಮಕ್ಕಳಿಗೆ ಕೊಡುವುದಿಲ್ಲ. ನಮ್ಮದು ಆಗಷ್ಟೇ ಇಳಿದಿತ್ತು ಅಂತ ನಂಬಿ, ಸ್ವಲ್ಪ ನೀರು ಹಾಕಿ, ತಳಮಳ ಕುದಿಸಿ, ಪೂರ್ತಿ ಬೆಂದ ಮೇಲೆ ಬಿಸಿಬಿಸಿಯಾಗಿ ತಿಂದೆವು. ಊಟ ಚೆನ್ನಾಗಿತ್ತು. ಆದರೆ ಸಂಜೆ ಡಬ್ಬಿಯನ್ನು ಬಕೆಟ್‌ನಲ್ಲಿ ತೇಲಿಸಿದಾಗ ಹೊಸ ಗೆರೆ ಹಳೇ ಗೆರೆಯಿಂದ ತುಂಬಾ ದೂರ ಬಂತು. ಚಿಕ್ಕವನು ಎರಡು ಗೆರೆಗಳ ನಡುವೆ ಬೆರಳಿಟ್ಟು ನೋಡುತ್ತಾ ಕೂತ. "ನಾಳೆ ಪಾತ್ರೆ ನಾನೇ ಕಾಯ್ತೀನಿ ಅಜ್ಜಿ" ಅಂದ.

ರಾತ್ರಿ ಗ್ಯಾಸ್ ಮುಟ್ಟಲಿಲ್ಲ. ಕಲ್ಲಿನ ಒಲೆಯಲ್ಲಿ, ಕೆಳಗೆ ಬಿದ್ದಿದ್ದ ಒಣ ಕಡ್ಡಿಗಳಿಂದ ಬೆಂಕಿ ಮಾಡಿದೆವು. ಹೆಬ್ಬೆರಳಿಗಿಂತ ದಪ್ಪದ್ದು ಬೇಡ, ಕೈಯಲ್ಲೇ ಮುರಿಯುವಂಥದ್ದು ಮಾತ್ರ. ಸಣ್ಣದು ಬೇಗ ಉರಿದು ಒಳ್ಳೆ ಕೆಂಡ ಕೊಡುತ್ತದೆ, ಅರ್ಧ ಸುಟ್ಟ ಕೊರಡು ಅಲ್ಲಿ ಉಳಿಯುವುದಿಲ್ಲ. ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಕೆಂಡದಲ್ಲಿ ಹೂತೆವು. ಗೋಧಿ ಹಿಟ್ಟು ಕಲಸಿ, ಹಗ್ಗದ ಹಾಗೆ ಉದ್ದಕ್ಕೆ ಹೊಸೆದು, ತೊಗಟೆ ಸುಲಿದ ಕೋಲಿಗೆ ಸುತ್ತಿ, ಕೆಂಡದ ಮೇಲೆ ಹಿಡಿದೆವು. ಕೋಲು ಯಾವ ಮರದ್ದು ಅಂತ ಗೊತ್ತಿರಲೇಬೇಕು. ಕಣಗಿಲೆಯಂಥ ಗಿಡದ ಕಡ್ಡಿ ವಿಷ, ಅದಕ್ಕೆ ಸುತ್ತಿದ್ದನ್ನು ತಿನ್ನಬಾರದು. ಇದರಲ್ಲಿ ನಾನು ಅನುಮಾನಕ್ಕೆ ಜಾಗ ಕೊಡುವುದಿಲ್ಲ, ಕೋಲುಗಳನ್ನು ಮನೆಯಿಂದಲೇ ತಂದಿದ್ದೆ. ಹಿಟ್ಟು ಕೋಲಿನಿಂದ ತಾನಾಗಿ ಬಿಟ್ಟುಕೊಂಡರೆ ಬೆಂದಿದೆ ಅಂತ. ಎಳೆದರೆ ಒಳಗೆ ಉದ್ದಕ್ಕೆ ತೂತು, ಅದರೊಳಗೆ ಕಡಲೆಕಾಯಿ ಬೆಣ್ಣೆ ತುಂಬಿ ತಿಂದ ಚಿಕ್ಕವನ ಮೂಗಿನ ತುದಿಗೂ ಬೆಣ್ಣೆ.

ಮಲಗುವ ಮುಂಚೆ ನೀರು ಸುರಿದು, ಕೈಯಿಂದ ಮುಟ್ಟಿ, ಬೂದಿ ಪೂರ್ತಿ ತಣ್ಣಗಾಗಿದೆ ಅಂತ ನೋಡಿಕೊಂಡೆವು.

ಮೂರನೇ ದಿನ

ಬೆಳಗ್ಗೆ ಮೋಡ ಇತ್ತು. ಅತ್ತೆ ಆಕಾಶ ನೋಡಿ "ಬೇಗ ಪಾತ್ರೆ ಇಡಮ್ಮ" ಅಂದರು. ಅದೇ ಅಕ್ಕಿ, ಅದೇ ಬೇಳೆ, ಈ ಸಲ ಒಣ ಟೊಮೆಟೊ ಜಾಸ್ತಿ. ಎತ್ತರದಲ್ಲಿ ನೀರು ಕುದಿಯುವುದೇ ಕಡಿಮೆ ಬಿಸಿಗೆ, ಪ್ರತಿ 300 ಮೀಟರ್‌ಗೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ನಾವಿದ್ದಲ್ಲಿ ಸುಮಾರು 96 ಡಿಗ್ರಿಗೇ ಕುದಿ. ಮನೆಯ ಲೆಕ್ಕದ 8 ನಿಮಿಷ ಇಲ್ಲಿ ಸಾಲದು ಅಂತ ಹಿಂದಿನ ದಿನವೇ ಅನ್ನಿಸಿತ್ತು. ಇವತ್ತು 10 ನಿಮಿಷ ಕುದಿಸಿದೆ. ಹತ್ತೂಕಾಲಿಗೆ ಸ್ಲೀಪಿಂಗ್ ಬ್ಯಾಗಿನ ಜಿಪ್ ಎಳೆದದ್ದು ಚಿಕ್ಕವನೇ. ಆಮೇಲೆ ಅದರ ಪಕ್ಕ ಚಾಪೆ ಹಾಕಿಕೊಂಡು ಕೂತ. ಹೊಳೆಗೆ ಕರೆದರೂ ಬರಲಿಲ್ಲ.

ಹನ್ನೊಂದರ ಹೊತ್ತಿಗೆ ಮಿಂಚು. ಮಗಳು ಎಣಿಸಿದಳು. ಮಿಂಚಿನಿಂದ ಗುಡುಗಿಗೆ 24 ಸೆಕೆಂಡ್. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್, ಅಂದರೆ ಎಂಟು ಕಿಲೋಮೀಟರ್ ದೂರ. 30 ಸೆಕೆಂಡಿಗಿಂತ ಕಡಿಮೆ ಆದರೆ ಹೊರಗೆ ಇರಬಾರದು, ಟೆಂಟಿನಲ್ಲೂ ಇರಬಾರದು. ಟೆಂಟು ಮಳೆಗೆ ಸರಿ, ಸಿಡಿಲಿಗೆ ಏನೂ ಅಲ್ಲ. ಹೊಳೆಯಿಂದ ಓಡಿಬಂದು, ಬೇಕಾದ್ದನ್ನು ಮಾತ್ರ ಹಿಡಿದುಕೊಂಡು, ಸಿಮೆಂಟ್ ಕಟ್ಟಡಕ್ಕೆ ಹೊರಟೆವು. ಇವರು ಬ್ಯಾಗಿನ ಸಮೇತ ಪಾತ್ರೆಯನ್ನು ಎದೆಗೆ ಅವಚಿಕೊಂಡು ನಡೆದರು, ಎಳೆ ಮಗುವನ್ನು ಎತ್ತಿಕೊಂಡ ಹಾಗೆ. ಪಕ್ಕದಲ್ಲಿ ಚಿಕ್ಕವನು "ಓರೆ ಮಾಡ್ಬೇಡಿ ಅಪ್ಪಾ, ಓರೆ ಮಾಡ್ಬೇಡಿ" ಅಂತ ಓಡುತ್ತಿದ್ದ. ಬಾಗಿಲು ದಾಟುವಷ್ಟರಲ್ಲಿ ಮಳೆ ಶುರುವಾಯಿತು.

ಆ ಮಳೆ ಮೂರೂವರೆಯ ತನಕ ನಿಲ್ಲಲಿಲ್ಲ. ಕಟ್ಟಡದ ಒಳಗೆ ಇನ್ನೂ ಎರಡು ಕುಟುಂಬ ಇದ್ದವು. ಎಲ್ಲರ ಬಟ್ಟೆಯೂ ಒದ್ದೆ, ಮಕ್ಕಳಿಗೆ ಹಸಿವು. ಒಲೆ ಹಚ್ಚುವ ಹಾಗಿಲ್ಲ, ಬಾಗಿಲು ಕಿಟಕಿಗಳಿಂದ ಎರಚಲು ಹೊಡೆಯುತ್ತಿತ್ತು. ಮಗಳ ಹತ್ತಿಯ ಪ್ಯಾಂಟು ಒದ್ದೆಯಾಗಿ ಕಾಲಿಗೆ ಅಂಟಿ ನಡುಗುತ್ತಿದ್ದಳು. ಅದನ್ನು ಬಿಚ್ಚಿಸಿ ಟವೆಲ್ ಸುತ್ತಿ, ಮೇಲೆ ಅವಳ ಉಣ್ಣೆ ಸ್ವೆಟರ್ ಹಾಕಿದೆವು. ಆ ಸ್ವೆಟರ್‌ನ ನೂಲು ಮೊದಲು ಮಾವನ ಸ್ವೆಟರ್ ಆಗಿತ್ತು. ಮೊಣಕೈ ಹರಿದ ಮೇಲೆ ಅತ್ತೆ ಅದನ್ನು ಪೂರ್ತಿ ಬಿಚ್ಚಿ, ಕುರ್ಚಿಯ ಬೆನ್ನಿಗೆ ಸುತ್ತಿ, ತೊಳೆದು, ಸುಕ್ಕು ಹೋಗುವ ಹಾಗೆ ಭಾರ ಕಟ್ಟಿ ಒಣಗಿಸಿ, ಇವಳ ಅಳತೆಗೆ ಮತ್ತೆ ಹೆಣೆದಿದ್ದರು. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ನೀರು ಹೀರಿಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಹತ್ತಿ ಹಾಗಲ್ಲ. ಚಳಿ ಇರುವ ಕಡೆ ಹೋಗುವಾಗ ನಾನು ಹೊಸದೇನೂ ಕೊಳ್ಳುವುದಿಲ್ಲ, ಮನೆಯಲ್ಲಿರುವ ಹಳೇ ಉಣ್ಣೆಯನ್ನೆಲ್ಲ ಹುಡುಕಿ ತೆಗೆಯುತ್ತೇನೆ.

ಒಂದು ಗಂಟೆಗೆ ಮಗಳು "ಈಗ ತೆಗೆಯೋಣ್ವಾ" ಅಂದಳು. ಚಿಕ್ಕವನು ಒಪ್ಪಲಿಲ್ಲ. ಗಡಿಯಾರ ಇವರ ಕೈಯಲ್ಲಿತ್ತು, ಅವನು ಐದೈದು ನಿಮಿಷಕ್ಕೆ ಕೇಳುತ್ತಿದ್ದ. ಕೊನೆಗೆ ಒಂದೂವರೆಗೆ ಅವನೇ ಜಿಪ್ ಎಳೆದ. ಕಂಬಳಿ ಒಂದು ಸುತ್ತು, ಎರಡು ಸುತ್ತು, ಟವೆಲ್ ಗಂಟು. ಮುಚ್ಚಳ ಎತ್ತಿದ ತಕ್ಷಣ ಆವಿ ಭುಸ್ಸಂತ ಮೇಲೆದ್ದು ಅವನ ಮುಖ ಮರೆಯಾಯಿತು. ಇಡೀ ಕೋಣೆಗೆ ಬೇಳೆಯ ಘಮ. ಅಕ್ಕಿ ಒಂದೊಂದು ಕಾಳೂ ಅರಳಿತ್ತು, ಬೇಳೆ ಕರಗಿ ಹೋಗಿತ್ತು, ಒಣ ಟೊಮೆಟೊ ಮತ್ತೆ ಮೆತ್ತಗಾಗಿ ಕೆಂಪು ಬಿಟ್ಟಿತ್ತು. ಥರ್ಮಾಮೀಟರ್ 71 ತೋರಿಸಿತು. ಮೂರೂಕಾಲು ಗಂಟೆಯಲ್ಲಿ ಒಂದು ಚೂರು ಗ್ಯಾಸ್ ಖರ್ಚಿಲ್ಲದೆ.

ಆ ಕುಟುಂಬಗಳ ಮೂರು ಮಕ್ಕಳಿಗೂ ತಟ್ಟೆ ಹಾಕಿದೆವು. ಅವರ ಅಮ್ಮಂದಿರು ಬೇಡ ಬೇಡ ಅಂದರು, ಮಕ್ಕಳು ಆಗಲೇ ತಿನ್ನುತ್ತಿದ್ದರು. ನಮ್ಮ ಪಾಲು ಸ್ವಲ್ಪ ಕಮ್ಮಿಯಾಯಿತು, ಅವರ ಹತ್ತಿರ ಇದ್ದ ಹಣ್ಣು ಬಂತು. ಒಬ್ಬರು ಕಂಬಳಿ ಮುಟ್ಟಿ ನೋಡಿ ಎಷ್ಟು ಹೊತ್ತು ಕುದಿಸಿದ್ದು, ಎಷ್ಟು ನೀರು ಅಂತ ಕೇಳಿ ಬರೆದುಕೊಂಡರು. ಅವರಿಗೆ ಉತ್ತರ ಕೊಟ್ಟಿದ್ದೆಲ್ಲ ಚಿಕ್ಕವನು. "ಮಧ್ಯದಲ್ಲಿ ತೆಗೀಬಾರದು ಆಂಟಿ" ಅಂತ ಎರಡು ಸಲ ಹೇಳಿದ.

ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆ ಟೆಂಟಿಗೆ ಹೋದೆವು. ತೇಪೆಗಳು ಒಂದೂ ಸೋರಿರಲಿಲ್ಲ. ಒಂದು ಮೂಲೆಯ ಹೊಲಿಗೆಯಲ್ಲಿ ಮಾತ್ರ ನೀರು ಜಿನುಗಿತ್ತು. ಹೊರಗೆ ಇನ್ನೂ ತುಂತುರು. ಇವರಿಗೆ ಚಹಾ ಬೇಕನ್ನಿಸಿತು, ನನಗೂ. ಟೆಂಟಿನ ಬಾಗಿಲು ಸ್ವಲ್ಪ ತೆರೆದು ಒಳಗೇ ಸ್ಟವ್ ಹಚ್ಚಿಬಿಡುವ ಅಭ್ಯಾಸ ಎಷ್ಟೋ ಜನಕ್ಕೆ ಇದೆ. ದಯವಿಟ್ಟು ಮಾಡಬೇಡಿ. ಸ್ಟವ್‌ನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಜಾಗದಲ್ಲಿ ಅದು ಮಲಗಿದವರ ಜೀವವನ್ನೇ ತೆಗೆಯುತ್ತದೆ. ತುಂತುರು ಕಮ್ಮಿಯಾಗುವ ತನಕ ಕಾದು, ಹೊರಗೆ ಕೊಡೆ ಹಿಡಿದುಕೊಂಡು ಚಹಾ ಮಾಡಿದೆ. ರಾತ್ರಿಗೆ ಉಳಿದ ಬ್ರೆಡ್ ಮತ್ತು ಅವರು ಕೊಟ್ಟ ಹಣ್ಣು. ಎರಡು ಲೋಟ ರಾಜ್ಮಾ ನೆನೆಹಾಕಿ ಮಲಗಿದೆ.

ನಾಲ್ಕನೇ ದಿನ

ಹೆಸರುಕಾಳು ಮೊಳಕೆ ಒಡೆದು ಒಂದೊಂದಕ್ಕೂ ಬಾಲ ಬಂದಿತ್ತು. ದಿನಕ್ಕೆರಡು ಸಲ ತೊಳೆದು ಕಟ್ಟಿದ್ದು ಮಗಳು, ಒಂದು ಸಲವೂ ತಪ್ಪಿಸಲಿಲ್ಲ. ಮೊಳಕೆಯನ್ನು ಹಸಿಯಾಗಿ ತಿನ್ನುವವರಿದ್ದಾರೆ. ಚಿಕ್ಕ ಮಕ್ಕಳೂ ವಯಸ್ಸಾದವರೂ ಇರುವಾಗ ನಾನು ಬೇಯಿಸದೆ ಕೊಡುವುದಿಲ್ಲ, ಮೊಳಕೆ ಬರುವ ಅದೇ ತೇವ, ಅದೇ ಬೆಚ್ಚಗಿನಲ್ಲಿ ರೋಗಾಣುಗಳೂ ಬೆಳೆಯುತ್ತವೆ. ಈರುಳ್ಳಿ ಜೊತೆ ಚೆನ್ನಾಗಿ ಬೇಯಿಸಿ, ಉಪ್ಪು, ನಿಂಬೆರಸ ಹಾಕಿದೆ. ಮೊಳಕೆ ಬಂದ ಹೆಸರು ಬೇಯಲು ಹೆಚ್ಚು ಹೊತ್ತು ಬೇಡ, ಗ್ಯಾಸ್ ಲೆಕ್ಕಕ್ಕೂ ಒಳ್ಳೆಯದು.

ಬೆಟ್ಟ ಹತ್ತಿದೆವು. ಅತ್ತೆ ಅರ್ಧ ದಾರಿಯ ಬಂಡೆಯ ಮೇಲೆ ಕೂತು, ನಾವು ಬರುವ ತನಕ ಅಲ್ಲೇ ಇರುತ್ತೇನೆ ಅಂದರು. ಇವರೂ ಅವರ ಜೊತೆ ಉಳಿದರು. ಮೇಲೆ ಹೋದದ್ದು ನಾನು, ಮಕ್ಕಳು. ದಾರಿಯಲ್ಲಿ ಕೆಂಪು ಹಣ್ಣಿನ ಪೊದೆಗಳು. ಚಿಕ್ಕವನಿಗೆ ಆಸೆ. ಹೆಸರು ಗೊತ್ತಿಲ್ಲದ ಹಣ್ಣು ಬಾಯಿಗಿಡುವಂತಿಲ್ಲ, ಹಕ್ಕಿ ತಿಂದರೂ ಸರಿ. ಹಕ್ಕಿಗೆ ಒಗ್ಗಿದ್ದು ನಮಗೆ ವಿಷವಾಗಬಹುದು. ತುದಿಯ ಬಂಡೆಯ ಮೇಲೆ ಬೂದು ಹಸಿರಿನ ಕಲ್ಲುಹೂವು ಚಕ್ರಚಕ್ರವಾಗಿ ಹಬ್ಬಿತ್ತು. ಶಿಲೀಂಧ್ರ ಮತ್ತು ಪಾಚಿ ಎರಡೂ ಒಟ್ಟಿಗೆ ಬಾಳುವ ಜೀವ ಅದು. ಇಂಥ ಬಂಡೆಯ ಮೇಲೆ ವರ್ಷಕ್ಕೆ ಒಂದೆರಡು ಮಿಲಿಮೀಟರ್ ಬೆಳೆದರೆ ಹೆಚ್ಚು. ಅಂಗೈ ಅಗಲದ ಒಂದು ಚಕ್ರದ ಪಕ್ಕ ಮಗಳು ಕೈಯಿಟ್ಟು "ಇದು ಅಜ್ಜಿಗಿಂತ ದೊಡ್ಡದಿರಬಹುದಾ?" ಅಂದಳು. ಇರಬಹುದು ಅಂದೆ. ಅದನ್ನು ತುಳಿಯದ ಹಾಗೆ ಸುತ್ತಿಕೊಂಡು ಇಳಿದೆವು.

ಇಳಿಯುವಾಗ ಅವಳ ಹಿಮ್ಮಡಿಗೆ ಬೊಬ್ಬೆ ಬಂತು. ಒಡೆಯದೆ, ಮೆತ್ತನೆ ಬಟ್ಟೆ ಕಟ್ಟಿ ಮೆಲ್ಲಗೆ ಬಂದೆವು.

ಮಧ್ಯಾಹ್ನ ರಾಜ್ಮಾ. ಕಂಬಳಿ ಅಡುಗೆಯಲ್ಲಿ ನಾನು ತುಂಬ ಹೆದರಿಕೆಯಿಂದ ಮಾಡುವುದು ಇದೊಂದನ್ನೇ. ಹಸಿ ರಾಜ್ಮಾದಲ್ಲಿ ಒಂದು ವಿಷ ಇದೆ, ನಾಲ್ಕೈದು ಕಾಳೇ ಸಾಕು ವಾಂತಿ ಬರಿಸಲು. 12 ಗಂಟೆಯಾದರೂ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕನಿಷ್ಠ 10 ನಿಮಿಷ ಜೋರಾಗಿ ಕುದಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕುದಿಸದೆ ಬರೀ ಬೆಚ್ಚಗಿಟ್ಟು ಬೇಯಿಸಿದರೆ ವಿಷ ಹೋಗುವುದಿಲ್ಲ, ಹಸಿಗಿಂತಲೂ ಅಪಾಯ ಜಾಸ್ತಿ ಆಗಬಹುದು. ನಾವಿದ್ದದ್ದು ಎತ್ತರದಲ್ಲಿ, ಅದಕ್ಕೆ ನಾನು 20 ನಿಮಿಷ ಜೋರು ಕುದಿಸಿದೆ. ಗ್ಯಾಸ್ ಖರ್ಚಾದರೆ ಆಗಲಿ, ಇದರಲ್ಲಿ ಉಳಿತಾಯ ನೋಡುವುದಿಲ್ಲ. ಆಮೇಲೆ ನಾಲ್ಕು ಗಂಟೆ ಕಂಬಳಿಯಲ್ಲಿ, ತಿನ್ನುವ ಮುಂಚೆ ಮತ್ತೊಂದು ಕುದಿ. ಬೆರಳ ನಡುವೆ ಒತ್ತಿದರೆ ಬೆಣ್ಣೆ ಹಾಗೆ ಹಿಸುಕಿಹೋಯಿತು.

ಸೂರ್ಯ ಮುಳುಗುವುದಕ್ಕೆ ಎಷ್ಟು ಹೊತ್ತಿದೆ ಅಂತ ಮಕ್ಕಳು ಕೈ ಚಾಚಿ ಅಳೆದರು. ಕೈ ಉದ್ದಕ್ಕೆ ಚಾಚಿ, ಬೆರಳುಗಳನ್ನು ಅಡ್ಡ ಹಿಡಿದರೆ, ಸೂರ್ಯನಿಗೂ ದಿಗಂತಕ್ಕೂ ನಡುವೆ ಎಷ್ಟು ಬೆರಳು ಹಿಡಿಸುತ್ತದೋ ಅಷ್ಟು ಕಾಲು ಗಂಟೆ, ಹೆಚ್ಚುಕಮ್ಮಿ. ಮಗಳಿಗೆ ಮೂರು ಬೆರಳು, ಚಿಕ್ಕವನಿಗೂ ಮೂರೇ. ಬೆರಳು ಸಣ್ಣದಾದರೆ ಕೈಯೂ ಗಿಡ್ಡ, ಅದಕ್ಕೆ ಲೆಕ್ಕ ಸರಿಹೋಗುತ್ತದೆ. ಕತ್ತಲಾಗುವ ಮುಂಚೆ ಊಟ ಮುಗಿಸಿ, ಪಾತ್ರೆ ತೊಳೆದು, ಡಬ್ಬಿ ತೇಲಿಸಿದೆವು. ಅದು ಈಗ ತುಂಬಾ ಮೇಲೆ ತೇಲುತ್ತಿತ್ತು, ಸ್ವಲ್ಪ ವಾಲಿಕೊಂಡು. ಚಿಕ್ಕವನು ಉಸಿರು ಬಿಡದೆ ಗೆರೆ ಎಳೆದ. ನಾಳೆ ಬೆಳಗಿನ ಚಹಾಕ್ಕೆ ಸಾಕಾಗುತ್ತದಾ ಅಂತ ಎಲ್ಲರೂ ಒಂದೊಂದು ಲೆಕ್ಕ ಹೇಳಿದರು.

ಐದನೇ ದಿನ

ಸಾಕಾಯಿತು. ಚಹಾ ಕುಡಿದು, ಓಟ್ಸ್ ತಿಂದು, ಟೆಂಟು ಬಿಚ್ಚಿದೆವು. ಗೂಟ ಕಿತ್ತ ಗುಂಡಿಗಳನ್ನು ಮಕ್ಕಳು ಕಾಲಿಂದ ಮುಚ್ಚಿದರು. ಟೆಂಟಿನ ಅಡಿಯಲ್ಲಿ ಹುಲ್ಲು ಮಲಗಿಕೊಂಡಿತ್ತು, ಅತ್ತೆ ಒಂದು ಕಡ್ಡಿಯಿಂದ ಅದನ್ನು ಮೇಲಕ್ಕೆ ಕೆದಕಿದರು. ನಮ್ಮ ಕಸ ಎಲ್ಲಾ ಸೇರಿ ಒಂದು ಸಣ್ಣ ಚೀಲ, ಅದೂ ನಮ್ಮ ಜೊತೆ ಇಳಿಯಿತು.

ಮನೆಗೆ ಬಂದು ಚಪ್ಪಲಿ ಬಿಚ್ಚುವ ಮುಂಚೆಯೇ ಚಿಕ್ಕವನು ಅಡುಗೆಮನೆಯ ತಕ್ಕಡಿ ಕೇಳಿದ. ಹೋಗುವ ಮುಂಚೆಯೂ ತೂಗಿ ಬರೆದಿಟ್ಟಿದ್ದೆವು. ಡಬ್ಬಿ 214 ಗ್ರಾಂ ಹಗುರವಾಗಿತ್ತು. ಒಳಗೆ ಇನ್ನೂ 16 ಗ್ರಾಂ. ಇನ್ನೊಂದು ಸಲ ಚಹಾ ಆಗುವಷ್ಟು. ಎರಡನೇ ಡಬ್ಬಿಯನ್ನು ಹಾಗೇ ಕಪಾಟಿಗೆ ವಾಪಸ್ ಇಟ್ಟೆ.

ಸಂಜೆ ಅತ್ತೆ ಕಂಬಳಿಯನ್ನು ಕೊಡವಿ ತಂತಿಗೆ ಹರವಿದರು. ಹತ್ತಿರ ಹೋದರೆ ಬೇಳೆಯ ವಾಸನೆ, ಹೊಗೆಯ ವಾಸನೆ ಎರಡೂ ಬರುತ್ತಿತ್ತು. ತೊಳೆಯಲಾ ಅಂತ ಕೇಳಿದೆ. "ಈಗ ಬೇಡ ಬಿಡಮ್ಮ, ನಾಳೆ ಬೆಳಗ್ಗೆ ಪಾತ್ರೆ ಸುತ್ತಬೇಕಲ್ಲ" ಅಂದರು.